ಎಂಜಿನ್ ಆಮೇಲೆ, ಗೇರ್‌ಬಾಕ್ಸ್ ಮೊದಲು

ಗಾಡಿ ಹುಚ್ಚಿನವರು ನಾಲ್ಕು ಜನ ಸೇರಿದರೆ ಮಾತೆಲ್ಲ ಎಂಜಿನ್ನಿನದೇ. ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಟರ್ಬೊ ಇದೆಯೋ ಇಲ್ಲವೋ. ಗೇರ್‌ಬಾಕ್ಸ್ ಬಗ್ಗೆ ಯಾರೂ ಕೇಳುವುದಿಲ್ಲ. ಮದುವೆ ಊಟ ಹೊಗಳುವವರು ಪಾತ್ರೆ ಯಾರದು ಅಂತ ಕೇಳುತ್ತಾರೆಯೇ? ಹಾಗೆಯೇ ಇದೂ. ನಾನು ಧಾರವಾಡ ಬಿಟ್ಟು ಪುಣೆಗೆ ಬಂದು 22 ವರ್ಷವಾಯಿತು. ಅಷ್ಟೂ ವರ್ಷ ಚಿಂಚವಾಡದ ಸುತ್ತಮುತ್ತ ಗೇರ್‌ಬಾಕ್ಸ್ ಕೆಲಸದಲ್ಲೇ ಇದ್ದೇನೆ. ಹಲ್ಲು ಕತ್ತರಿಸುವುದು, ಜೋಡಿಸುವುದು, ಒಡೆದು ವಾಪಸ್ ಬಂದದ್ದನ್ನು ಬಿಚ್ಚಿ ಯಾಕೆ ಒಡೆಯಿತು ಅಂತ ನೋಡುವುದು ನನ್ನ ಹೊಟ್ಟೆಪಾಡು. ಮನೆಯವರ ಲೆಕ್ಕದಲ್ಲಿ ನಾನು 'ಗಾಡಿ ಕಂಪನಿಯಲ್ಲಿ ಏನೋ ಮಾಡುತ್ತಾನೆ'.

ಈ 'ಏನೋ' ಒಮ್ಮೆ ನನ್ನ ಅಕ್ಕನ ಮಗನಿಗೆ ಕೆಲಸಕ್ಕೆ ಬಂತು. ಅವನು ಇಂಗ್ಲೆಂಡಿನಲ್ಲಿ ಸಾಫ್ಟ್‌ವೇರ್ ನೌಕರಿಯಲ್ಲಿದ್ದಾನೆ. 2022ರ ಕೊನೆಯಲ್ಲಿ ಒಂದು ಹಳೆಯ ಲೋಟಸ್ ಯೂರೋಪಾ ಕಾರು ಕೊಂಡ. 1972ರದು. ಎಂಜಿನ್ ಇರಲಿಲ್ಲ, ಹಿಂದಿನ ಮಾಲೀಕ ಅದನ್ನು ಬಿಚ್ಚಿ ಬೇರೆ ಮಾರಿದ್ದ. ಇದ್ದದ್ದು ಫೈಬರ್‌ಗ್ಲಾಸ್ ಬಾಡಿ, ಉಕ್ಕಿನ ಚಾಸಿಸ್, ಮತ್ತು ಎರಡನೇ ಗೇರ್ ಹಾಕಿದರೆ ಕಿರುಗುಟ್ಟುವ ನಾಲ್ಕು ಗೇರಿನ ಹಳೇ ಗೇರ್‌ಬಾಕ್ಸ್. ಮೂರು ವರ್ಷದ ಉಳಿತಾಯ ಅದರಲ್ಲಿ ಹೋಗಿತ್ತು. ಮನೆ ಕೊಳ್ಳಲು ಇಟ್ಟ ದುಡ್ಡು ಅಂತ ಅಕ್ಕ ನನ್ನ ಹತ್ತಿರ ಫೋನಿನಲ್ಲಿ ಅತ್ತಿದ್ದಳು. ಒಂದು ರವಿವಾರ ಹುಡುಗನೇ ಫೋನ್ ಮಾಡಿದ.

"ಮಾಮಾ, ಎಂಜಿನ್ ನೋಡೇನ್ರಿ. ಎರಡು ಲೀಟರ್ ಟರ್ಬೊ, 350 ನ್ಯೂಟನ್ ಮೀಟರ್ ಟಾರ್ಕ್. ಮುಂಗಡನೂ ಕೊಟ್ಟೇನಿ. ಇದಕ್ಕ ಯಾವ ಗೇರ್‌ಬಾಕ್ಸ್ ಹಾಕಲಿ ಹೇಳ್ರಿ."

"ತಮ್ಮಾ, ಹೆಣ್ಣು ನೋಡೂಕಿಂತ ಮೊದಲ ಛತ್ರಕ್ಕ ಮುಂಗಡ ಕೊಟ್ಟಂಗಾತು" ಅಂದೆ. ಅವನು ನಕ್ಕ. ಆಮೇಲೆ ನಾಲ್ಕು ತಿಂಗಳು ರವಿವಾರ ರವಿವಾರ ನಮ್ಮ ಮಾತು ಇದೊಂದರ ಮೇಲೇ ನಡೆಯಿತು. ಆ ಮಾತಿನ ತಿರುಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಬಹಳ ಜನ ಗಾಡಿ ಕಾರ್ಖಾನೆಗಳಲ್ಲಿ ದುಡಿಯುವವರು. ಇಲ್ಲದವರ ಮನೆಯಲ್ಲೂ ಗಾಡಿ ಹುಚ್ಚಿನ ಒಬ್ಬ ಮಗನೋ ಮಗಳೋ ಇರುತ್ತಾರೆ.

ಟ್ರಾನ್ಸ್‌ಆಕ್ಸಲ್ ಎಂದರೆ

ಹೆಸರು ದೊಡ್ಡದು, ವಸ್ತು ದಿನಾ ಕಾಣುವುದೇ. ಲಾರಿಯಲ್ಲಿ ಎಂಜಿನ್ ಮುಂದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಉದ್ದದ ಶಾಫ್ಟ್, ಹಿಂದಿನ ಆಕ್ಸಲ್ ನಡುವೆ ಗುಂಡಗಿನ ಡಿಫರೆನ್ಷಿಯಲ್. ಗೇರ್‌ಬಾಕ್ಸ್ ಬೇರೆ, ಡಿಫರೆನ್ಷಿಯಲ್ ಬೇರೆ. ಆದರೆ ನಿಮ್ಮ ಆಲ್ಟೊ, ಸ್ವಿಫ್ಟ್‌ನಲ್ಲಿ ಇವೆರಡೂ ಒಂದೇ ಅಲ್ಯೂಮಿನಿಯಂ ಡಬ್ಬಿಯೊಳಗೆ ಇರುತ್ತವೆ. ಡಬ್ಬಿಯ ಎರಡೂ ಬದಿಯಿಂದ ಶಾಫ್ಟ್ ಹೊರಟು ನೇರ ಚಕ್ರಕ್ಕೆ ಹೋಗುತ್ತದೆ. ಹಿಂದೆ ಎಂಜಿನ್ ಇರುವ ಆಟೋರಿಕ್ಷಾದಲ್ಲೂ ಇದೇ ಏರ್ಪಾಟು. ಹೀಗೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ ಒಂದೇ ಮನೆಯಲ್ಲಿದ್ದರೆ ಅದು ಟ್ರಾನ್ಸ್‌ಆಕ್ಸಲ್.

ಮಿಡ್ ಎಂಜಿನ್ ಕಾರಿನಲ್ಲಿ ಎಂಜಿನ್ ಇರುವುದು ಸೀಟಿನ ಬೆನ್ನಿಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ. ಭಾರವೆಲ್ಲ ಗಾಡಿಯ ನಡುವಿಗೆ ಬರುವುದರಿಂದ ತಿರುವಿನಲ್ಲಿ ಗಾಡಿ ಚುರುಕು. ಆದರೆ ಉದ್ದದ ಶಾಫ್ಟ್ ಹಾಕಲು ಜಾಗವೇ ಇಲ್ಲ, ಟ್ರಾನ್ಸ್‌ಆಕ್ಸಲ್ ಬೇಕೇ ಬೇಕು. ಮುಂದೆ ಎಂಜಿನ್ ಇರುವ ಗಾಡಿಯಲ್ಲಿ ಎಂಜಿನ್ ಬದಲಿಸುವವನಿಗೆ ಗೇರ್‌ಬಾಕ್ಸ್ ಒಂದು ಬಿಡಿ ಭಾಗ. ಬೇರೆಯದು ಹಾಕಿ ಶಾಫ್ಟ್ ಉದ್ದ ಹೊಂದಿಸಿದರೆ ಕೆಲಸ ಬಹುಪಾಲು ಮುಗಿಯಿತು. ಮಿಡ್ ಎಂಜಿನ್ನಿನಲ್ಲಿ ಟ್ರಾನ್ಸ್‌ಆಕ್ಸಲ್ ಬದಲಾದರೆ ಚಕ್ರಕ್ಕೆ ಹೋಗುವ ಶಾಫ್ಟ್, ಎಂಜಿನ್ ಕೂರುವ ಜಾಗ, ಗೇರ್ ಲಿವರಿನ ಕಡ್ಡಿ, ಕೆಲವೊಮ್ಮೆ ಸಸ್ಪೆನ್ಷನ್ ಕೂಡ ಬದಲಾಗಬೇಕು.

ತಿರುಗಿಸಿ ಕೂರಿಸುವ ಇತಿಹಾಸ

ಸಣ್ಣ ಕಂಪನಿಗಳಿಗೆ ಸ್ವಂತ ಟ್ರಾನ್ಸ್‌ಆಕ್ಸಲ್ ಮಾಡಿಕೊಳ್ಳುವ ಶಕ್ತಿ ಎಂದೂ ಇರಲಿಲ್ಲ. ಡಬ್ಬಿಯ ಎರಕ, ಹಲ್ಲು ಕತ್ತರಿಸುವ ಯಂತ್ರ, ಉಷ್ಣ ಸಂಸ್ಕರಣೆ ಎಲ್ಲಕ್ಕೂ ದೊಡ್ಡ ಬಂಡವಾಳ ಬೇಕು. ಹಾಗಾಗಿ ಅವರು ಸಾಮಾನ್ಯ ಮನೆಬಳಕೆಯ ಫ್ರಂಟ್ ವೀಲ್ ಡ್ರೈವ್ ಕಾರಿನ ಗೇರ್‌ಬಾಕ್ಸನ್ನೇ ತಂದು, ತಿರುಗಿಸಿ, ಹಿಂದೆ ಕೂರಿಸಿದರು. 1959ರಲ್ಲಿ ಜ್ಯಾಕ್ ಬ್ರಾಬಮ್ ವಿಶ್ವ ಚಾಂಪಿಯನ್ ಆದ ಕೂಪರ್ ರೇಸ್ ಕಾರಿನ ಗೇರ್‌ಬಾಕ್ಸ್‌ನ ಮೂಲ ಸಿಟ್ರೊಯೆನ್ ಕಂಪನಿಯ ಸಂಸಾರಸ್ಥರ ಕಾರು. ಇಂಗ್ಲೆಂಡಿನ ಹ್ಯೂಲ್ಯಾಂಡ್ ಕಂಪನಿ ರೇಸ್ ಗೇರ್‌ಬಾಕ್ಸ್‌ಗಳಿಗೆ ಹೆಸರಾದದ್ದು ಶುರುವಿಗೆ ಫೋಕ್ಸ್‌ವ್ಯಾಗನ್ ಬೀಟಲ್‌ನ ಡಬ್ಬಿಯನ್ನು ಬಳಸಿಕೊಂಡೇ.

ಯೂರೋಪಾ ಹುಟ್ಟಿದ್ದೂ ಹೀಗೆ. ಫ್ರಾನ್ಸಿನ ರೆನೊ ಕಂಪನಿ 1965ರಲ್ಲಿ ರೆನೊ 16 ಎಂಬ ಕಾರು ತಂದಿತು. ಅದರಲ್ಲಿ ಎಲ್ಲಕ್ಕಿಂತ ಮುಂದೆ ಗೇರ್‌ಬಾಕ್ಸ್, ಅದರ ಹಿಂದೆ ಎಂಜಿನ್. ಲೋಟಸ್‌ನ ಕಾಲಿನ್ ಚ್ಯಾಪ್‌ಮನ್ ಈ ಜೋಡಿಯನ್ನು ಹಾಗೇ ಎತ್ತಿ, ಅರ್ಧ ಸುತ್ತು ತಿರುಗಿಸಿ, ಸೀಟಿನ ಹಿಂದೆ ಇಟ್ಟು, 1966ರ ಡಿಸೆಂಬರಿನಲ್ಲಿ ಯೂರೋಪಾವನ್ನು ಲೋಕಕ್ಕೆ ತೋರಿಸಿದ. ಮೊದಲ ಎಂಜಿನ್ 1470 ಸಿಸಿ. ಕೊನೆಗೆ 1971ರಲ್ಲಿ ಲೋಟಸ್‌ನದೇ 1558 ಸಿಸಿ ಟ್ವಿನ್ ಕ್ಯಾಮ್ ಎಂಜಿನ್ ಬಂತು. ಅಂದರೆ ಎಂಜಿನ್ ಬದಲಿಸಿದವರಲ್ಲಿ ಕಂಪನಿಯೇ ಮೊದಲಿಗ. ಆದರೆ ಗಮನಿಸಿ, ಎಂಜಿನ್ ಬದಲಾಯಿತು, ಗೇರ್‌ಬಾಕ್ಸ್ ಕೊನೆಯವರೆಗೂ ರೆನೊ ಮನೆತನದ್ದೇ.

ನಾಲ್ಕು ರಿವರ್ಸ್ ಗೇರ್

ಅರ್ಧ ಸುತ್ತು ತಿರುಗಿಸಿದರೆ ಒಂದು ತೊಡಕು ಹುಟ್ಟುತ್ತದೆ. ಮುಂದಕ್ಕೆ ಹೋಗುತ್ತಿದ್ದ ಗಾಡಿಯ ಇಡೀ ಜೋಡಿಯನ್ನು ಹಿಂದುಮುಂದು ಮಾಡಿದರೆ ಚಕ್ರವೂ ಉಲ್ಟಾ ತಿರುಗುತ್ತದೆ. ನಾಲ್ಕು ರಿವರ್ಸ್ ಗೇರ್, ಒಂದೇ ಒಂದು ಫಾರ್ವರ್ಡ್. ಪರಿಹಾರ ಡಿಫರೆನ್ಷಿಯಲ್‌ನಲ್ಲಿದೆ. ಪಿನಿಯನ್ ಎಂಬ ಸಣ್ಣ ಗೇರ್ ಕ್ರೌನ್ ವೀಲ್ ಎಂಬ ದೊಡ್ಡ ಗೇರನ್ನು ತಿರುಗಿಸುತ್ತದೆ. ಕ್ರೌನ್ ವೀಲನ್ನು ಪಿನಿಯನ್‌ನ ಎಡದಿಂದ ಬಲಕ್ಕೆ ಕೂರಿಸಿದರೆ ಚಕ್ರದ ದಿಕ್ಕು ಬದಲು. ಲೋಟಸ್ ಮಾಡಿದ್ದು ಇದನ್ನೇ.

ಹಾಗಾಗಿ ಗೇರ್‌ಬಾಕ್ಸ್ ಆರಿಸುವಾಗ ಮೊದಲು ಕೇಳಬೇಕಾದದ್ದು ಅದು ಎಷ್ಟು ಗಟ್ಟಿ ಅಂತಲ್ಲ. ಅದು ಹುಟ್ಟಿದ ಗಾಡಿಯಲ್ಲಿ ಎಂಜಿನ್ ಆಕ್ಸಲ್‌ಗಿಂತ ಮುಂದಿತ್ತೋ ಹಿಂದಿತ್ತೋ ಅಂತ. ಆಡಿ, ಸುಬಾರು, ರೆನೊ 18, ರೆನೊ 25, ಇವುಗಳಲ್ಲಿ ಎಂಜಿನ್ ಉದ್ದುದ್ದಕ್ಕೆ, ಮುಂದಿನ ಆಕ್ಸಲ್‌ಗಿಂತಲೂ ಮುಂದೆ. ಗೇರ್‌ಬಾಕ್ಸ್ ಆಕ್ಸಲ್‌ನ ಹಿಂದೆ. ಮಿಡ್ ಎಂಜಿನ್ ಕಾರಿನ ಹಿಂದಿನ ಆಕ್ಸಲ್‌ಗೂ ಇದೇ ಕ್ರಮ ಬೇಕು. ಆದ್ದರಿಂದ ಅವನ್ನು ಹಾಗೇ ತಂದು ಕೂರಿಸಬಹುದು, ದಿಕ್ಕು ಸರಿಯಾಗಿಯೇ ಇರುತ್ತದೆ. ಬೀಟಲ್ ಮತ್ತು ಪೋರ್ಷೆ 911ರಲ್ಲಿ ಎಂಜಿನ್ ಆಕ್ಸಲ್‌ಗಿಂತ ಹಿಂದೆ, ಗೇರ್‌ಬಾಕ್ಸ್ ಮುಂದೆ. ಇವನ್ನು ಮಿಡ್ ಎಂಜಿನ್ನಿಗೆ ತರಬೇಕಾದರೆ ಕ್ರೌನ್ ವೀಲ್ ಬದಿ ಬದಲಿಸಬೇಕು. ಪೋರ್ಷೆ 914 ಎಂಬ ಮಿಡ್ ಎಂಜಿನ್ ಕಾರಿಗೆ ಪೋರ್ಷೆಯೇ 911ರ ಗೇರ್‌ಬಾಕ್ಸನ್ನು ಹೀಗೆ ಬದಲಿಸಿ ಹಾಕಿತ್ತು. ಕೆಲವು ಡಬ್ಬಿಗಳೊಳಗೆ ಕ್ರೌನ್ ವೀಲ್ ಆಚೆ ಬದಿಗೆ ಕೂರಲು ಜಾಗವೇ ಇರುವುದಿಲ್ಲ. ಆಗ ಇಡೀ ಡಬ್ಬಿಯನ್ನೇ ತಲೆಕೆಳಗು ಕೂರಿಸುವವರಿದ್ದಾರೆ. ಆದರೆ ತಲೆಕೆಳಗಾದರೆ ಎಣ್ಣೆಯ ಮಟ್ಟ, ಗಾಳಿಯಾಡುವ ತೂತು, ಬೇರಿಂಗ್‌ಗೆ ಎಣ್ಣೆ ಹೋಗುವ ದಾರಿ ಎಲ್ಲವನ್ನೂ ಮತ್ತೆ ಯೋಚಿಸಬೇಕು.

ಅಡ್ಡ ಎಂಜಿನ್ನಿನ ದಾರಿ ಇನ್ನೂ ಸುಲಭ. ಆಲ್ಟೊದಂಥ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಅಡ್ಡಡ್ಡ ಕೂತಿರುತ್ತವೆ. ಆ ಇಡೀ ಗಂಟನ್ನು ಬಿಚ್ಚದೇ ಹಿಂದಕ್ಕೆ ಒಯ್ದು ಇಟ್ಟರೆ ಮುಗಿಯಿತು. 1972ರ ಫಿಯಟ್ ಎಕ್ಸ್1/9, 1984ರ ಟೊಯೋಟಾ ಎಂಆರ್2, 1996ರ ಲೋಟಸ್ ಎಲೀಸ್ ಎಲ್ಲವೂ ಈ ಉಪಾಯದ ಮಕ್ಕಳೇ. ಹುಡುಗನೂ ಇದನ್ನೇ ಕೇಳಿದ. ಆದರೆ ಯೂರೋಪಾದ ಚಾಸಿಸ್ ನಡುವೆ ಒಂದೇ ಬೆನ್ನೆಲುಬು, ಹಿಂದೆ ಕವಣೆ ಕೋಲಿನ ಹಾಗೆ ಎರಡು ಕವಲು. ಆ ಕವಲಿನ ನಡುವಿನ ಇಕ್ಕಟ್ಟಿನಲ್ಲಿ ಎಂಜಿನ್ ಉದ್ದುದ್ದಕ್ಕೆ ಮಾತ್ರ ಕೂರುತ್ತದೆ. ಅಡ್ಡ ಇಡಬೇಕೆಂದರೆ ಕವಲನ್ನೇ ಕತ್ತರಿಸಬೇಕು.

ಒಡೆಯುವುದು ಟಾರ್ಕ್‌ನಿಂದ

ಗೇರ್‌ಬಾಕ್ಸ್‌ಗೆ ಹಾರ್ಸ್‌ಪವರ್ ಗೊತ್ತಾಗುವುದಿಲ್ಲ. ಹಲ್ಲಿನ ಮೇಲೆ ಬೀಳುವುದು ಟಾರ್ಕ್, ಅಂದರೆ ತಿರುಚುವ ಬಲ. ಎಂಜಿನ್ 8000 ಸುತ್ತು ತಿರುಗಿ 200 ಹಾರ್ಸ್‌ಪವರ್ ಕೊಟ್ಟರೆ ಹಲ್ಲಿಗೆ ತ್ರಾಸಿಲ್ಲ. ಅದೇ 200 ಹಾರ್ಸ್‌ಪವರನ್ನು ಟರ್ಬೊ ಎಂಜಿನ್ 4000 ಸುತ್ತಿನಲ್ಲೇ ಕೊಟ್ಟರೆ ಹಲ್ಲಿನ ಮೇಲಿನ ಬಲ ಎರಡು ಪಟ್ಟು.

ಇದರ ಜೊತೆಗೆ ಇನ್ನೊಂದು ಲೆಕ್ಕವಿದೆ. ಬಹಳ ಜನ ಇದನ್ನು ಹಾಕುವುದೇ ಇಲ್ಲ. ಗೇರ್‌ಬಾಕ್ಸ್ ಮೇಲೆ ಎಷ್ಟು ಬಲ ಬೀಳಬಹುದು ಎಂಬುದನ್ನು ಎಂಜಿನ್ ಒಂದೇ ನಿರ್ಧರಿಸುವುದಿಲ್ಲ, ಟೈರಿನ ಹಿಡಿತವೂ ನಿರ್ಧರಿಸುತ್ತದೆ. ಟೈರ್ ಜಾರಿದರೆ ಅದಕ್ಕಿಂತ ಹೆಚ್ಚು ಬಲ ಗೇರ್‌ಬಾಕ್ಸ್ ಮೂಲಕ ಹೋಗಲಾರದು. ಯೂರೋಪಾ ತೂಕ ಸುಮಾರು 700 ಕೆಜಿ. ಚಾಲಕನೊಂದಿಗೆ ವೇಗ ಹೆಚ್ಚಿಸುವಾಗ ಹಿಂದಿನ ಎರಡು ಚಕ್ರಗಳ ಮೇಲೆ 500 ಕೆಜಿ ಬೀಳುತ್ತದೆ ಎಂದುಕೊಳ್ಳಿ. ಒಣ ರಸ್ತೆಯಲ್ಲಿ ಒಳ್ಳೆಯ ಟೈರ್ ತನ್ನ ಮೇಲಿನ ಭಾರದಷ್ಟೇ ಎಳೆತವನ್ನು ಹಿಡಿಯಬಲ್ಲದು. ಚಕ್ರದ ತ್ರಿಜ್ಯ 0.29 ಮೀಟರ್. ಗುಣಿಸಿದರೆ ಚಕ್ರಗಳ ಬಳಿ ಸುಮಾರು 1400 ನ್ಯೂಟನ್ ಮೀಟರ್ ಸಿಗುತ್ತದೆ. ಮೊದಲ ಗೇರ್ ಅನುಪಾತ 3.5, ಕ್ರೌನ್ ಪಿನಿಯನ್ ಅನುಪಾತ 3.8 ಇದ್ದರೆ ಒಟ್ಟು 13.3. ಭಾಗಿಸಿದರೆ 105. ಅಂದರೆ ಮೊದಲ ಗೇರಿನಲ್ಲಿ ಎಂಜಿನ್ ಎಷ್ಟೇ ಕೊಡಲಿ, 105 ನ್ಯೂಟನ್ ಮೀಟರ್ ದಾಟಿದರೆ ಟೈರ್ ಸುತ್ತುತ್ತದೆ. 1500 ಕೆಜಿ ಕಾರಿನಲ್ಲಿ ಇದೇ ಗೇರ್‌ಬಾಕ್ಸ್ ಇದರ ಎರಡು ಪಟ್ಟಿನಷ್ಟು ತಿನ್ನಬೇಕಾಗುತ್ತದೆ. ಹಗುರ ಗಾಡಿಯಲ್ಲಿ ಗೇರ್‌ಬಾಕ್ಸ್‌ನ ಆಯುಷ್ಯ ಹೆಚ್ಚು ಎನ್ನುವುದು ಇದಕ್ಕೇ.

"ಹಂಗಾರ ಟರ್ಬೊ ಹಾಕಿದ್ರೂ ಚಿಂತಿ ಇಲ್ಲ ಅಂದಂಗಾತಲ್ಲ ಮಾಮಾ" ಅಂದ ಹುಡುಗ, ಖುಷಿಯಾಗಿ.

ಅದಕ್ಕೇ ಮೂರನೇ ಗೇರಿನ ಲೆಕ್ಕ ಹಾಕಿಸಿದೆ. ಅನುಪಾತ 1.4 ಇದ್ದರೆ ಒಟ್ಟು 5.3. ಟೈರ್ ಜಾರಲು ಈಗ 260 ನ್ಯೂಟನ್ ಮೀಟರಿಗೂ ಹೆಚ್ಚು ಬೇಕು. ಅಂದರೆ ಮೂರನೇ ಗೇರಿನಲ್ಲಿ ಟೈರ್ ಕಾಪಾಡುವುದಿಲ್ಲ, 260ರವರೆಗಿನ ಪೂರ್ತಿ ಬಲ ಹಲ್ಲಿನ ಮೇಲೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವಾಗ ನಾವು ಒತ್ತುವುದು ಇದೇ ಗೇರಿನಲ್ಲಿ. ಹಳೆಯ ಟ್ವಿನ್ ಕ್ಯಾಮ್ ಎಂಜಿನ್ನಿನ ಹೆಚ್ಚೆಂದರೆ 150ರ ಆಸುಪಾಸಿನ ಟಾರ್ಕ್‌ಗೆ ಹೊಂದಿಕೊಂಡಿದ್ದ ಹಲ್ಲುಗಳಿಗೆ 260 ಬಂದರೆ ಮೊದಲ ದಿನ ಏನೂ ಆಗುವುದಿಲ್ಲ, ಮೊದಲ ತಿಂಗಳೂ ಆಗಲಿಕ್ಕಿಲ್ಲ. ಹಲ್ಲು ಒಡೆಯುವುದು ದಣಿವಿನಿಂದ. ಬುಡದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಬೆಳೆದು, ಒಂದು ದಿನ ಕಟ್ ಎನ್ನುತ್ತದೆ. ಒಡೆದ ಹಲ್ಲಿನ ಮೇಲ್ಮೈಯಲ್ಲಿ ಆ ಬೆಳವಣಿಗೆಯ ಗೆರೆಗಳು ನದಿ ದಂಡೆಯ ಮರಳಿನ ಗೆರೆಗಳಂತೆ ಕಾಣುತ್ತವೆ. ನಾನು ನನ್ನ ನೌಕರಿಯಲ್ಲಿ ಅವನ್ನು ನೂರಾರು ಸಲ ನೋಡಿದ್ದೇನೆ.

ಕ್ಲಚ್‌ನ ಮಾತನ್ನೂ ಹೇಳಬೇಕು. ಕ್ಲಚ್ ಎಂದರೆ ಮನೆಯ ಫ್ಯೂಸ್ ಇದ್ದಂತೆ. ತಟ್ಟನೆ ಬಿಟ್ಟಾಗ ಫ್ಲೈವೀಲಿನ ಆವೇಗವೆಲ್ಲ ಒಮ್ಮೆಗೇ ಗೇರಿಗೆ ಬಡಿಯುತ್ತದೆ. ಆ ಹೊಡೆತ ಎಂಜಿನ್ ಟಾರ್ಕ್‌ಗಿಂತ ಎಷ್ಟೋ ಹೆಚ್ಚು. ಕ್ಲಚ್ ಸ್ವಲ್ಪ ಜಾರಿದರೆ ಗೇರ್ ಉಳಿಯುತ್ತದೆ. ಬೇಕಾದದ್ದಕ್ಕಿಂತ ಬಿಗಿಯಾದ ರೇಸ್ ಕ್ಲಚ್ ಹಾಕುವುದೆಂದರೆ ಫ್ಯೂಸ್ ಜಾಗದಲ್ಲಿ ದಪ್ಪ ತಂತಿ ಸುತ್ತಿದಂತೆ.

ದೊಡ್ಡವರಿಗೂ ಈ ಲೆಕ್ಕ ತಪ್ಪಿಲ್ಲ. 1964ರ ಲಾ ಮಾನ್ ರೇಸಿಗೆ ಫೋರ್ಡ್ ಮೂರು ಜಿಟಿ40 ಕಾರು ಒಯ್ದಿತ್ತು. ಒಂದಕ್ಕೆ ಬೆಂಕಿ ಬಿತ್ತು, ಉಳಿದೆರಡೂ ಗೇರ್‌ಬಾಕ್ಸ್ ಕೈಕೊಟ್ಟು ನಿಂತವು. ಮುಂದೆ ಜರ್ಮನಿಯ ಜೆಡ್‌ಎಫ್ ಗೇರ್‌ಬಾಕ್ಸ್ ಬಂತು. 7 ಲೀಟರ್ ಎಂಜಿನ್ನಿಗೆಂದು ಫೋರ್ಡ್ ಬೇರೆಯೇ ಟ್ರಾನ್ಸ್‌ಆಕ್ಸಲ್ ಮಾಡಿಸಿತು, ನಾಲ್ಕೇ ಗೇರಿನದು. 1966ರಲ್ಲಿ ಆ ಗಾಡಿಗಳು ಮೊದಲ ಮೂರೂ ಸ್ಥಾನ ಗೆದ್ದವು. ಲೋಟಸ್ 1996ರಲ್ಲಿ ಎಸ್ಪ್ರಿಟ್ ಕಾರಿಗೆ 3.5 ಲೀಟರಿನ ಎರಡು ಟರ್ಬೊ ಇರುವ ವಿ8 ಎಂಜಿನ್ ಹಾಕಿತು. 500ರವರೆಗೆ ಹೋಗಬಲ್ಲ ಎಂಜಿನ್ನನ್ನು 350 ಹಾರ್ಸ್‌ಪವರಿಗೆ ಕಟ್ಟಿಹಾಕಿತು. ಕಾರಣ, ಹಿಂದೆ ಕೂತಿದ್ದ ರೆನೊ ಯುಎನ್1 ಗೇರ್‌ಬಾಕ್ಸ್ ಅದಕ್ಕಿಂತ ಹೆಚ್ಚು ತಾಳುತ್ತಿರಲಿಲ್ಲ. ಎಂಜಿನ್ ಎಷ್ಟು ಕೊಡಬೇಕು ಅಂತ ಅಲ್ಲಿ ತೀರ್ಮಾನಿಸಿದ್ದು ಗೇರ್‌ಬಾಕ್ಸ್.

ಪಟ್ಟಿಯಲ್ಲಿದ್ದವರು

ಹುಡುಗ ಒಂದು ಪಟ್ಟಿ ಮಾಡಿದ. ಗಂಡು ನೋಡುವಾಗಿನ ಹಾಗೆ ಒಬ್ಬೊಬ್ಬರ ಗುಣದೋಷ ತೂಗಿದೆವು.

ರೆನೊ ಯುಎನ್1: ರೆನೊ 25, ಡಿಲೋರಿಯನ್, ಎಸ್ಪ್ರಿಟ್ ಎಲ್ಲದರಲ್ಲೂ ದುಡಿದದ್ದು. ಐದು ಗೇರ್, ಗಟ್ಟಿ. ದೋಷವೆಂದರೆ ಯೂರೋಪಾದಂಥ ಸಣ್ಣ ಗಾಡಿಗೆ ಇದು ದಪ್ಪ ಮತ್ತು ಭಾರ. ಗೇರ್‌ಬಾಕ್ಸ್ ಆಕ್ಸಲ್‌ನ ಹಿಂದೆ ನೇತಾಡುವುದರಿಂದ ಅಲ್ಲಿ ಸೇರುವ ಒಂದೊಂದು ಕಿಲೋ ತಿರುವಿನಲ್ಲಿ ಬಾಲ ಬೀಸುತ್ತದೆ. ಚಾಸಿಸ್‌ಗೂ ಕತ್ತರಿ ಹಾಕಬೇಕಾಗುತ್ತಿತ್ತು.

ಆಡಿ: ಐದು ಗೇರಿನದೂ ಇದೆ, ಆರು ಗೇರಿನದೂ ಇದೆ. ಗುಜರಿ ಅಂಗಡಿಗಳಲ್ಲಿ ಸಿಗುತ್ತವೆ, ದಿಕ್ಕು ಸರಿ, ಟರ್ಬೊಗೆ ತಕ್ಕ ಗಟ್ಟಿತನ. ಆದರೆ ಒಂದೂಮುಕ್ಕಾಲು ಟನ್ ಗಾಡಿಗೆ ಮಾಡಿದ ಡಬ್ಬಿ 700 ಕೆಜಿ ಗಾಡಿಗೆ ಎತ್ತಿನ ಗಾಡಿಯ ನೊಗ ಆಡಿನ ಹೆಗಲಿಗೆ ಇಟ್ಟಂತೆ.

ಸುಬಾರು: ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗೇರ್‌ಬಾಕ್ಸ್. ಹಿಂದಿನ ಚಕ್ರದ ಕಡೆ ಹೋಗುವ ದಾರಿಯನ್ನು ಮುಚ್ಚಿ ಎರಡೇ ಚಕ್ರದ್ದಾಗಿ ಮಾಡಿಕೊಳ್ಳಬೇಕು. ಬಿಡಿ ಭಾಗ ಧಾರಾಳ, ದಿಕ್ಕು ಸರಿ. ಆದರೆ ಸುಬಾರು ಎಂಜಿನ್ ಜೊತೆಗೇ ಬಂದರೆ ಚೆಂದ. ಬೇರೆ ಎಂಜಿನ್ನಿಗೆ ಜೋಡಿಸಲು ಅಡಾಪ್ಟರ್ ಪ್ಲೇಟ್ ಮಾಡಿಸಬೇಕು.

ಹ್ಯೂಲ್ಯಾಂಡ್: ರೇಸಿನವರದು. ನೇರ ಹಲ್ಲಿನ ಗೇರುಗಳ ಸದ್ದಿಗೆ ಪಕ್ಕದ ಸೀಟಿನವರ ಮಾತು ಕೇಳಿಸುವುದಿಲ್ಲ. ಆಗಾಗ ಬಿಚ್ಚಿ ನೋಡುತ್ತಿರಬೇಕು. ರಸ್ತೆಗೆ ಅಲ್ಲ.

ರೆನೊ ಎನ್‌ಜಿ3: ರೆನೊ 18ರಂಥ ಸಾಮಾನ್ಯ ಕಾರಿನ ಐದು ಗೇರ್. ಯುಎನ್1ಗಿಂತ ಹಗುರ, ಸಾಧಾರಣ ಶಕ್ತಿ. ಯೂರೋಪಾದವರು ಇದನ್ನು ಬಳಸಿದ್ದಾರೆ. ಆದರೆ ಇದೂ ಮುಪ್ಪಿನ ಪೆಟ್ಟಿಗೆಯೇ. ಬೆಲ್ ಹೌಸಿಂಗ್, ಗೇರ್ ಕಡ್ಡಿ ಎರಡನ್ನೂ ಹೊಂದಿಸಬೇಕು.

ಕೊನೆಗೆ ಅವನ ಗ್ಯಾರೇಜಿನಲ್ಲೇ ಬಿದ್ದಿದ್ದ ರೆನೊ ನಾಲ್ಕು ಗೇರಿನದು. ಪಟ್ಟಿಯಲ್ಲಿ ಇದನ್ನು ಅವನು ಬರೆದೇ ಇರಲಿಲ್ಲ, ನಾನು ಸೇರಿಸಿದೆ.

ಶಾಫ್ಟೇ ಸಸ್ಪೆನ್ಷನ್ ಆದಾಗ

ಇಲ್ಲಿಯವರೆಗಿನದು ದುಡ್ಡಿನ ಮಾತು. ಯೂರೋಪಾದಲ್ಲಿ ಜೀವದ ಮಾತೂ ಇದೆ. ಸಾಮಾನ್ಯ ಕಾರಿನಲ್ಲಿ ಡ್ರೈವ್ ಶಾಫ್ಟ್‌ಗೆ ಚಕ್ರ ತಿರುಗಿಸುವ ಕೆಲಸ ಮಾತ್ರ. ಚಕ್ರವನ್ನು ನೆಟ್ಟಗೆ ಹಿಡಿಯಲು ಬೇರೆ ಕೈಗಳಿರುತ್ತವೆ. ಭಾರ ಉಳಿಸುವ ಹಟದಲ್ಲಿ ಚ್ಯಾಪ್‌ಮನ್ ಯೂರೋಪಾದ ಶಾಫ್ಟ್‌ಗೆ ಎರಡೂ ಕೆಲಸ ಹಚ್ಚಿದ್ದ. ಶಾಫ್ಟ್ ಉದ್ದ ಕುಗ್ಗದು, ಹಿಗ್ಗದು. ಅದೇ ಹಿಂದಿನ ಸಸ್ಪೆನ್ಷನ್ನಿನ ಮೇಲಿನ ಕೈ. ತಿರುವಿನಲ್ಲಿ ಚಕ್ರದ ಮೇಲೆ ಬೀಳುವ ಅಡ್ಡ ಒತ್ತಡ ಶಾಫ್ಟ್ ಮೂಲಕ ನೇರ ಗೇರ್‌ಬಾಕ್ಸ್‌ನ ಬೇರಿಂಗಿಗೆ ಹೋಗುತ್ತದೆ.

ಈಗ ಬೇರೆ ಟ್ರಾನ್ಸ್‌ಆಕ್ಸಲ್ ಹಾಕಿದರೆ? ಈಗಿನ ಗೇರ್‌ಬಾಕ್ಸ್‌ಗಳ ಜೊತೆ ಬರುವ ಶಾಫ್ಟ್‌ನ ಕೀಲುಗಳು ಒಳಕ್ಕೂ ಹೊರಕ್ಕೂ ಸರಿದಾಡುತ್ತವೆ. ಅವುಗಳಿಂದ ಚಕ್ರವನ್ನು ಹಿಡಿಯಲಾಗದು. ಹಾಗೇ ಜೋಡಿಸಿ ರಸ್ತೆಗಿಳಿದರೆ ಮೊದಲ ತಿರುವಿಗೇ ಚಕ್ರ ವಾಲುತ್ತದೆ. ಆದ್ದರಿಂದ ಎರಡೂ ಬದಿಗೆ ಹೊಸ ಮೇಲಿನ ಕೈ, ಅದನ್ನು ಹಿಡಿಯಲು ಚಾಸಿಸ್ ಮೇಲೆ ಹೊಸ ಬ್ರ್ಯಾಕೆಟ್, ಹೊಸ ಹಬ್. ಗೇರ್‌ಬಾಕ್ಸ್ ಬದಲಿಸಲು ಹೋಗಿ ಇಡೀ ಹಿಂಬದಿಯನ್ನೇ ಹೊಸದಾಗಿ ಕಟ್ಟಬೇಕು. ಬಲ್ಲವರು ಮಾಡಿದ್ದಾರೆ, ಚೆನ್ನಾಗಿಯೇ ಮಾಡಿದ್ದಾರೆ. ವಾರಕ್ಕೊಂದು ರವಿವಾರ, ಬಾಡಿಗೆ ಗ್ಯಾರೇಜು, ಒಂದು ಜ್ಯಾಕು ಇರುವ ಹುಡುಗನಿಗೆ ಅದು ಎಷ್ಟು ವರ್ಷದ ಕೆಲಸ?

ನಂಬರ್ ಪ್ಲೇಟಿನ ಲೆಕ್ಕ

ಬ್ರಿಟನ್ನಿನಲ್ಲಿ ಆಗ ಒಂದು ಅಂಕ ಪದ್ಧತಿ ಇತ್ತು. ಗಾಡಿಯನ್ನು ಬಹಳ ಬದಲಿಸಿದರೆ ಹಳೆಯ ನೋಂದಣಿ ಉಳಿಯಲು 8 ಅಂಕ ಬೇಕು. ಬದಲಿಸದ ಚಾಸಿಸ್‌ಗೆ 5. ಮೂಲದ ಸಸ್ಪೆನ್ಷನ್, ಆಕ್ಸಲ್, ಸ್ಟೀರಿಂಗ್, ಗೇರ್‌ಬಾಕ್ಸ್ ಒಂದೊಂದಕ್ಕೆ 2. ಎಂಜಿನ್ನಿಗೆ ಬರೀ 1. ಅಲ್ಲಿಯ ಸರ್ಕಾರಕ್ಕೂ ಎಂಜಿನ್ನಿಗಿಂತ ಗೇರ್‌ಬಾಕ್ಸ್ ದೊಡ್ಡದು ಅಂತ ಅನಿಸಿದ್ದು ನನಗೆ ಬಹಳ ಹಿಡಿಸಿತು! ದೊಡ್ಡ ಗೇರ್‌ಬಾಕ್ಸ್‌ಗೆಂದು ಚಾಸಿಸ್ ಕತ್ತರಿಸಿದರೆ 5 ಹೋಯಿತು, ಗೇರ್‌ಬಾಕ್ಸ್‌ನ 2 ಹೋಯಿತು, ಎಂಜಿನ್ನಿನ 1 ಹೋಯಿತು. ಉಳಿದದ್ದು 6. ಅಂದರೆ ನೋಂದಣಿಯೇ ಕೈತಪ್ಪುವ ಸ್ಥಿತಿ.

ನಮ್ಮ ದೇಶದಲ್ಲಿ ಇದು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಈ ಲೇಖನ ಓದಿ ಯಾರಾದರೂ ಉತ್ಸಾಹಪಡುವುದಾದರೆ ಮೊದಲು ಆರ್‌ಟಿಒ ಕಚೇರಿ, ಆಮೇಲೆ ಗ್ಯಾರೇಜು.

ಹುಡುಗ ಆರಿಸಿದ್ದು

ಮಾರ್ಚ್ ತಿಂಗಳಲ್ಲಿ ಒಂದು ರವಿವಾರ ಅವನೇ ಹೇಳಿದ. "ಮಾಮಾ, ಟರ್ಬೊ ಬ್ಯಾಡ್ರಿ. ಮುಂಗಡ ಹೋದ್ರ ಹೋಗ್ಲಿ. ಇದ್ದ ಗೇರ್‌ಬಾಕ್ಸ್ ರಿಪೇರಿ ಮಾಡಿ, ಅದಕ್ಕ ತಕ್ಕ ಎಂಜಿನ್ ಹುಡುಕ್ತೇನಿ." ನಾನು ಅಷ್ಟು ದಿನ ಹೀಗೇ ಮಾಡು ಅಂತ ಒಮ್ಮೆಯೂ ಹೇಳಿರಲಿಲ್ಲ. ಲೆಕ್ಕ ಹಾಕಿಸಿದ್ದೆ, ಅಷ್ಟೇ. ಮುಂಗಡದ ದುಡ್ಡು ವಾಪಸ್ ಬರಲೇ ಇಲ್ಲ. ಸಣ್ಣ ಮೊತ್ತವೇನಲ್ಲ ಅದು.

ಸಿಕ್ಕ ಎಂಜಿನ್ ಫೋರ್ಡ್‌ನ 2 ಲೀಟರ್ ಜೀಟೆಕ್. 130 ಹಾರ್ಸ್‌ಪವರ್, ಸುಮಾರು 175 ನ್ಯೂಟನ್ ಮೀಟರ್. ಗುಜರಿಯಲ್ಲಿ ಸಿಗುವ ಸಾಧಾರಣ ಎಂಜಿನ್. ಆದರೆ ಒಂದು ಅನುಕೂಲವಿತ್ತು. ಲೋಟಸ್ ಟ್ವಿನ್ ಕ್ಯಾಮ್ ಎಂಜಿನ್ನಿನ ಬ್ಲಾಕ್ ಮೂಲತಃ ಫೋರ್ಡ್‌ನದೇ. ಗೇರ್‌ಬಾಕ್ಸ್ ಕೂರುವ ಬೋಲ್ಟುಗಳ ಜಾಗ ಜೀಟೆಕ್‌ಗೂ ಹೆಚ್ಚುಕಡಿಮೆ ಅದೇ. ಹೀಗಾಗಿ ಹಳೇ ಬೆಲ್ ಹೌಸಿಂಗ್ ಸಣ್ಣಪುಟ್ಟ ಬದಲಾವಣೆಯಿಂದ ಕೂತಿತು, ಅಡಾಪ್ಟರ್ ಪ್ಲೇಟ್ ಬೇಕಾಗಲಿಲ್ಲ. ಮೂರನೇ ಗೇರಿನಲ್ಲಿ ಹಲ್ಲಿನ ಮೇಲೆ ಮೊದಲಿಗಿಂತ ಆರನೇ ಒಂದು ಭಾಗದಷ್ಟು ಭಾರ ಹೆಚ್ಚು. ಮೆತ್ತಗೆ ಓಡಿಸುವವನ ಕೈಯಲ್ಲಿ ಅದು ನಡೆಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಬೆಲ್ ಹೌಸಿಂಗಿನ ನಡುಬಿಂದು ಮತ್ತು ಕ್ರ್ಯಾಂಕ್ ಶಾಫ್ಟಿನ ನಡುಬಿಂದು ಒಂದೇ ಗೆರೆಯಲ್ಲಿವೆಯೇ ಅಂತ ಡಯಲ್ ಗೇಜಿನಿಂದ ನೋಡಲೇಬೇಕು. ಒಂದು ಪೂರ್ತಿ ಸುತ್ತಿಗೆ ಮುಳ್ಳು 0.13 ಮಿ.ಮೀ. ಮೀರಿ ಆಡಬಾರದು. ಮೀರಿದರೆ ಇನ್‌ಪುಟ್ ಶಾಫ್ಟ್ ಪ್ರತಿ ಸುತ್ತಿಗೂ ಬಾಗುತ್ತದೆ, ಬೇರಿಂಗ್ ಹೋಗುತ್ತದೆ, ಜನ ಗೇರ್‌ಬಾಕ್ಸನ್ನು ಬೈಯುತ್ತಾರೆ. ವೀಡಿಯೊ ಕಾಲಿನಲ್ಲಿ ಅವನು ಕ್ರ್ಯಾಂಕ್ ತಿರುಗಿಸಿದ, ನಾನು ಇಲ್ಲಿಂದ ಮುಳ್ಳು ನೋಡಿದೆ. 0.09 ಬಂತು. ಎರಡನೇ ಗೇರಿನ ಕಿರುಗುಟ್ಟುವಿಕೆಗೆ ಕಾರಣ ಸವೆದ ಸಿಂಕ್ರೊ ರಿಂಗ್. ಅದನ್ನೂ ಬೇರಿಂಗುಗಳನ್ನೂ ಬದಲಿಸಿದ. ಶಾಫ್ಟ್‌ನ ಅಡ್ಡ ಒತ್ತಡ ಹೊರುವ ಬೇರಿಂಗುಗಳಲ್ಲಿ ಮಾತ್ರ ಉಳಿತಾಯ ಮಾಡಬೇಡ ಅಂತ ಹೇಳಿದ್ದೆ, ಮಾಡಲಿಲ್ಲ.

ಕಳೆದುಕೊಂಡದ್ದೂ ಇದೆ. ಅಲ್ಲಿನ ಮೋಟಾರ್‌ವೇಯಲ್ಲಿ ಗರಿಷ್ಠ ವೇಗ ಗಂಟೆಗೆ 112 ಕಿ.ಮೀ. ಐದನೇ ಗೇರ್ ಇದ್ದು ಒಟ್ಟು ಅನುಪಾತ 3ರ ಹತ್ತಿರ ಬಂದಿದ್ದರೆ ಆ ವೇಗಕ್ಕೆ ಎಂಜಿನ್ 3100 ಸುತ್ತು ತಿರುಗುತ್ತಿತ್ತು. ನಾಲ್ಕು ಗೇರಿನಲ್ಲಿ ಅನುಪಾತ 3.7ರ ಆಸುಪಾಸು, ಅಂದರೆ 3800 ಸುತ್ತು. ಎರಡು ತಾಸು ಓಡಿಸಿದರೆ ಕಿವಿ ಗುಂಯ್ ಅನ್ನುತ್ತದೆ ಅಂತ ಅವನೇ ಹೇಳುತ್ತಾನೆ. ಸೀಟಿನ ಪಕ್ಕದಿಂದ ಎಂಜಿನ್ ದಾಟಿ ಹಿಂದಿನವರೆಗೆ ಹೋಗುವ ಗೇರ್ ಕಡ್ಡಿ ಉದ್ದವಾಗಿರುವುದರಿಂದ ಗೇರ್ ಹಾಕುವುದು ಗಂಜಿಯಲ್ಲಿ ಸೌಟು ಆಡಿಸಿದಂತೆ. ಅದೂ ಹಾಗೇ ಉಳಿದಿದೆ.

ಆದರೆ ಗಾಡಿ ಓಡುತ್ತಿದೆ. 2024ರ ಬೇಸಿಗೆಯಿಂದ ರಸ್ತೆಯ ಮೇಲಿದೆ. ಎಂಜಿನ್ ಬದಲಿಸುವ ಕನಸುಗಳಲ್ಲಿ ಹೆಚ್ಚಿನವು ಗೇರ್ ಒಡೆದು ಸಾಯುವುದಿಲ್ಲ, ಅರ್ಧಕ್ಕೆ ನಿಂತು ಸಾಯುತ್ತವೆ. ದೊಡ್ಡ ಎಂಜಿನ್ ಬಂತು, ಅದಕ್ಕೆ ದೊಡ್ಡ ಗೇರ್‌ಬಾಕ್ಸ್, ಅದಕ್ಕೆ ಚಾಸಿಸ್ ಕತ್ತರಿ, ಅದಕ್ಕೆ ಹೊಸ ಸಸ್ಪೆನ್ಷನ್, ಅಷ್ಟರಲ್ಲಿ ದುಡ್ಡೂ ಹುಮ್ಮಸ್ಸೂ ಮುಗಿದು ತಾಡಪತ್ರಿ ಹೊದ್ದು ಕೂತ ಗಾಡಿಗಳನ್ನು ಪುಣೆಯಲ್ಲೂ ನೋಡಿದ್ದೇನೆ.

ಹಾಗಾಗಿ ಈ ದಾರಿಗೆ ಇಳಿಯುವವರು ಪ್ರಶ್ನೆಗಳನ್ನು ಈ ಕ್ರಮದಲ್ಲಿ ಕೇಳಿಕೊಳ್ಳಿ. ಗೇರ್‌ಬಾಕ್ಸ್‌ನ ದಿಕ್ಕು ಸರಿಯೇ? ಕತ್ತರಿಸದೆ ಕೂರುತ್ತದೆಯೇ? ಶಾಫ್ಟ್ ಮತ್ತು ಸಸ್ಪೆನ್ಷನ್ ಏನಾಗುತ್ತವೆ? ಮೂರನೇ ಗೇರಿನಲ್ಲಿ ಎಷ್ಟು ಟಾರ್ಕ್ ತಾಳುತ್ತದೆ? ಐದು ವರ್ಷದ ಮೇಲೆ ಬೇರಿಂಗ್ ಸಿಗುತ್ತದೆಯೇ? ಈ ಐದಕ್ಕೂ ಉತ್ತರ ಸಿಕ್ಕ ಮೇಲೆ ಯಾವ ಎಂಜಿನ್ ಎಂಬ ಪ್ರಶ್ನೆಗೆ ಒಂದೋ ಎರಡೋ ಉತ್ತರ ಮಾತ್ರ ಉಳಿದಿರುತ್ತದೆ.

ಅಕ್ಕ ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ಆ ಗಾಡಿಯಲ್ಲಿ ಕೂತು ಬಂದಳಂತೆ. "ನೆಲಕ್ಕ ಹತ್ತಿ ಕೂತಂಗಿರತೈತಿ, ಏಳೂದ ಕಷ್ಟ" ಅಂದಳು. ಗೇರ್‌ಬಾಕ್ಸ್ ಹೇಗಿತ್ತು ಅಂತ ಕೇಳಿದೆ. "ಅದೇನಪಾ, ನಂಗ ಗೊತ್ತಾಗಲಿಲ್ಲ" ಅಂದಳು. ನಮ್ಮ ಕಸುಬಿನವರಿಗೆ ಇದಕ್ಕಿಂತ ದೊಡ್ಡ ಶಹಬ್ಬಾಸ್‌ಗಿರಿ ಬೇರೆ ಇಲ್ಲ.